ವಿಲೇಯತೆಯ ನಕ್ಷೆಯಲ್ಲಿ ಗೆರೆ ಹೇಳುವುದೇನು, ಹೇಳದೆ ಬಿಡುವುದೇನು

ಪ್ರಶ್ನೆ: ನಾನು ರಸಾಯನಶಾಸ್ತ್ರವನ್ನು ಸ್ವಂತವಾಗಿ ಓದಿಕೊಳ್ಳುತ್ತಿದ್ದೇನೆ. ಉಷ್ಣತೆ ಏರಿದಂತೆ ಬೇರೆಬೇರೆ ವಸ್ತುಗಳು ನೀರಿನಲ್ಲಿ ಎಷ್ಟೆಷ್ಟು ಕರಗುತ್ತವೆ ಎಂಬುದನ್ನು, ಅಂದರೆ ಅವುಗಳ ವಿಲೇಯತೆಯನ್ನು, ತೋರಿಸುವ ನಕ್ಷೆಗಳನ್ನು ಓದುವಾಗ ನಾಲ್ಕು ಕಡೆ ಸಿಕ್ಕಿಬಿದ್ದಿದ್ದೇನೆ. ಒಂದು, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಂತೃಪ್ತವಾದ, ಅಂದರೆ ಇನ್ನಷ್ಟು ಕರಗಿಸಿಕೊಳ್ಳಲಾರದ, 100 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣವನ್ನು 20 ಡಿಗ್ರಿಗೆ ತಣಿಸಿದರೆ ಎಷ್ಟು ಹರಳು ದೊರೆಯುತ್ತದೆ ಎಂಬ ಲೆಕ್ಕಕ್ಕೆ ನನಗೆ 78 ಗ್ರಾಂ ಬರುತ್ತದೆ. ಪುಸ್ತಕದಲ್ಲಿರುವ ಉತ್ತರ ಸುಮಾರು 37 ಗ್ರಾಂ. ಎರಡು, ಸೋಡಿಯಂ ಸಲ್ಫೇಟ್‌ನ ಗೆರೆ ಕಡಿದಾಗಿ ಏರುತ್ತ ಹೋಗಿ ಒಂದು ಕಡೆ ಥಟ್ಟನೆ ಮುರಿದು ಇಳಿಯತೊಡಗುವುದೇಕೆ? ಮೂರು, ಕರಗುವಾಗ ಶಾಖ ಬಿಡುವ ವಸ್ತುವಿನ ವಿಲೇಯತೆ ಬಿಸಿಗೆ ಕಡಿಮೆಯಾಗಬೇಕು ಎಂದು ಓದಿದ್ದೇನೆ. ಸೋಡಿಯಂ ಹೈಡ್ರಾಕ್ಸೈಡ್ ಕರಗುವಾಗ ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಆದರೂ ಅದರ ಗೆರೆ ಏರುತ್ತದೆಯಲ್ಲ? ನಾಲ್ಕು, ಆಮ್ಲಜನಕದ ಒಂದು ನಕ್ಷೆ 100 ಡಿಗ್ರಿಯಲ್ಲಿ ಸೊನ್ನೆ ಮುಟ್ಟುತ್ತದೆ, ಇನ್ನೊಂದು ಮುಟ್ಟುವುದಿಲ್ಲ. ಯಾವುದು ಸರಿ?

ಉತ್ತರ: ನಿಮ್ಮ ನಾಲ್ಕು ತೊಡಕುಗಳು ಬೇರೆಬೇರೆಯಾಗಿ ಕಂಡರೂ ಬೇರು ಒಂದೇ. ವಿಲೇಯತೆಯ ನಕ್ಷೆಯ ಮೇಲಿನ ಪ್ರತಿಯೊಂದು ಬಿಂದುವೂ ಒಂದು ಪೂರ್ಣ ವಾಕ್ಯವಿದ್ದಂತೆ: ‘ಇಷ್ಟು ಉಷ್ಣತೆಯಲ್ಲಿ, ಇಷ್ಟು ನೀರಿನಲ್ಲಿ, ಇಂಥ ಘನವಸ್ತುವಿನ ಸಂಪರ್ಕದಲ್ಲಿ ಅಥವಾ ಇಷ್ಟು ಒತ್ತಡದ ಅನಿಲದ ಕೆಳಗೆ ದ್ರಾವಣವು ಸಮತೋಲನಕ್ಕೆ ಬಂದಾಗ ಕರಗಿರುವುದು ಇಷ್ಟು’ ಎಂಬುದು ಆ ವಾಕ್ಯ. ನಕ್ಷೆಯಲ್ಲಿ ಕಣ್ಣಿಗೆ ಬೀಳುವುದು ಉಷ್ಣತೆ ಮತ್ತು ಕರಗಿದ ಪ್ರಮಾಣ ಎರಡೇ. ಎಷ್ಟು ನೀರು, ಯಾವ ಘನ, ಯಾವ ಒತ್ತಡ ಎಂಬ ಮೂರು ವಿವರಗಳು ಅಕ್ಷದ ಪಕ್ಕದ ಸಣ್ಣ ಅಕ್ಷರದಲ್ಲೋ ಅಡಿಬರಹದಲ್ಲೋ ಅಡಗಿರುತ್ತವೆ, ಕೆಲವೊಮ್ಮೆ ಎಲ್ಲಿಯೂ ಇರುವುದಿಲ್ಲ. ನಿಮ್ಮ ಮೊದಲ ತೊಡಕು ನೀರಿನದು, ಎರಡನೆಯದು ಮತ್ತು ಮೂರನೆಯದು ಘನದವು, ನಾಲ್ಕನೆಯದು ಒತ್ತಡದ್ದು.

ಮೊದಲು ನೀರಿನ ವಿಚಾರ. ಲಂಬ ಅಕ್ಷದಲ್ಲಿ ಬರೆಯುವ ಪ್ರಮಾಣಕ್ಕೆ ಕನಿಷ್ಠ ಮೂರು ರೂಢಿಗಳಿವೆ: 100 ಗ್ರಾಂ ನೀರಿಗೆ ಇಷ್ಟು ಗ್ರಾಂ, 100 ಗ್ರಾಂ ದ್ರಾವಣದಲ್ಲಿ ಇಷ್ಟು ಗ್ರಾಂ, ಒಂದು ಲೀಟರ್ ದ್ರಾವಣದಲ್ಲಿ ಇಷ್ಟು ಗ್ರಾಂ ಅಥವಾ ಮೋಲ್ (ಕಣಗಳ ಎಣಿಕೆಯ ಮಾನ). ಶಾಲಾ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯದು, ಕೈಗಾರಿಕಾ ಕೋಷ್ಟಕಗಳಲ್ಲಿ ಹೆಚ್ಚಾಗಿ ಎರಡನೆಯದು. ಒಂದೇ ವಸ್ತುವಿನ ಗೆರೆ ಈ ಎರಡರಲ್ಲಿ ಬೇರೆಬೇರೆ ಆಕಾರ ತಾಳುತ್ತದೆ ಎಂಬುದನ್ನು ಗಮನಿಸಬೇಕು. ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಪೆಟ್ಲುಪ್ಪು, 100 ಡಿಗ್ರಿಯಲ್ಲಿ 100 ಗ್ರಾಂ ನೀರಿನಲ್ಲಿ ಸುಮಾರು 246 ಗ್ರಾಂ ಕರಗುತ್ತದೆ. ಅದೇ ಸಂಗತಿಯನ್ನು ದ್ರಾವಣದ ಶೇಕಡಾವಾರು ಹೇಳಿದರೆ 346ರಲ್ಲಿ 246, ಅಂದರೆ ಶೇಕಡಾ 71. ಮೊದಲ ಬಗೆಯ ನಕ್ಷೆಯಲ್ಲಿ ಗೆರೆ ಮೇಲಕ್ಕೆ ಹೋದಂತೆ ಇನ್ನಷ್ಟು ಕಡಿದಾಗುತ್ತದೆ. ಎರಡನೆಯ ಬಗೆಯಲ್ಲಿ ಶೇಕಡಾ 100ನ್ನು ಮೀರಲು ಸಾಧ್ಯವೇ ಇಲ್ಲದ್ದರಿಂದ ಮೇಲಕ್ಕೆ ಹೋದಂತೆ ಬಾಗಿ ಮಲಗುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರಿನಲ್ಲಿ 204 ಗ್ರಾಂ ಸಕ್ಕರೆ ಕರಗುತ್ತದೆ ಎಂದು ಕೇಳಿ ‘ನೀರಿಗಿಂತ ಹೆಚ್ಚು ಸಕ್ಕರೆ ನೀರೊಳಗೆ ಹೇಗೆ’ ಎಂದು ಬೆರಗಾಗುವವರಿಗೂ ಇದೇ ಉತ್ತರ: ಅದು ಶೇಕಡಾ 67ರ ದ್ರಾವಣ, ಅಷ್ಟೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಕ್ಷೆಯ ಪ್ರಕಾರ 60 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 110 ಗ್ರಾಂ, 20 ಡಿಗ್ರಿಯಲ್ಲಿ 31.6 ಗ್ರಾಂ. ನೀವು ಒಂದರಿಂದ ಇನ್ನೊಂದನ್ನು ಕಳೆದು 78.4 ಎಂದಿದ್ದೀರಿ. ನಿಮ್ಮ ಕಳೆಯುವಿಕೆಯಲ್ಲಿ ತಪ್ಪಿಲ್ಲ. ನಿಮ್ಮ ಕೈಯಲ್ಲಿ 100 ಗ್ರಾಂ ನೀರು ಇದ್ದಿದ್ದರೆ ಉತ್ತರ ಅದೇ ಆಗುತ್ತಿತ್ತು. ಆದರೆ ಪ್ರಶ್ನೆಯಲ್ಲಿರುವುದು 100 ಗ್ರಾಂ ದ್ರಾವಣ. 210 ಗ್ರಾಂ ದ್ರಾವಣದಲ್ಲಿ 110 ಗ್ರಾಂ ಲವಣವೂ 100 ಗ್ರಾಂ ನೀರೂ ಇದ್ದರೆ 100 ಗ್ರಾಂ ದ್ರಾವಣದಲ್ಲಿ 52.4 ಗ್ರಾಂ ಲವಣವೂ 47.6 ಗ್ರಾಂ ನೀರೂ ಇರುತ್ತವೆ. 47.6 ಗ್ರಾಂ ನೀರು 20 ಡಿಗ್ರಿಯಲ್ಲಿ ಹಿಡಿದಿಡಬಲ್ಲದ್ದು 47.6ನ್ನು 0.316ರಿಂದ ಗುಣಿಸಿದಾಗ ಬರುವ 15 ಗ್ರಾಂ ಮಾತ್ರ. ಉಳಿದ 37.3 ಗ್ರಾಂ ಹರಳಾಗಿ ಹೊರಬೀಳುತ್ತದೆ. ಇಂಥ ಲೆಕ್ಕಗಳಲ್ಲಿ ನೀರಿನ ತೂಕವನ್ನು ಮೊದಲು ಬೇರೆಯಾಗಿ ಬರೆದಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು. ತಣಿಸುವಾಗ ಲವಣ ದ್ರಾವಣದಿಂದ ಹೊರಬಂದರೂ ನೀರು ಇದ್ದಷ್ಟೇ ಇರುತ್ತದೆ, ಹಾಗಾಗಿ ಲೆಕ್ಕಕ್ಕೆ ನಿಲ್ಲುವ ನೆಲ ಅದೇ. ಇದಕ್ಕೂ ಅಪವಾದವಿದೆ, ಸೋಡಿಯಂ ಸಲ್ಫೇಟ್‌ನಲ್ಲಿ ನೋಡೋಣ.

ನಡುವೆ ಒಂದು ಮಾತು. 60 ಡಿಗ್ರಿಯ ಅಂಕಿ ಒಂದು ಕೋಷ್ಟಕದಲ್ಲಿ 110 ಎಂದೂ ಇನ್ನೊಂದರಲ್ಲಿ 106 ಎಂದೂ ಕಂಡರೆ ಗಾಬರಿಯಾಗಬೇಡಿ. ಗೆರೆ ಕಡಿದಾಗಿರುವ ಕಡೆ ಉಷ್ಣತೆಯ ಅಳತೆಯಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೂ ಎರಡು ಮೂರು ಗ್ರಾಂ ಅಂತರ ಬೀಳುತ್ತದೆ. ಮುದ್ರಿತ ನಕ್ಷೆಯಿಂದ ಕಣ್ಣಳತೆಯಲ್ಲಿ ಓದಿದ ಅಂಕಿಗೆ ದಶಮಾಂಶ ಸೇರಿಸಿ ಬರೆಯುವುದು ನನ್ನ ದೃಷ್ಟಿಯಲ್ಲಿ ಓದುಗರಿಗೆ ಮಾಡುವ ಸಣ್ಣ ಮೋಸವೇ ಸರಿ.

ಗೆರೆಯನ್ನು ಓದುವುದು ಒಂದು ಕೆಲಸವಾದರೆ, ಗೆರೆಯ ಮೇಲಿನ ಮತ್ತು ಕೆಳಗಿನ ಬಯಲನ್ನು ಓದುವುದು ಇನ್ನೊಂದು. ಹೆಚ್ಚಿನ ಪಾಠಗಳು ಇದನ್ನು ಅವಸರದಲ್ಲಿ ದಾಟುತ್ತವೆ. ಪೆನ್ಸಿಲ್ ಹಿಡಿದು ಒಂದು ಪ್ರಯೋಗವನ್ನು ನಕ್ಷೆಯ ಮೇಲೆಯೇ ನಡೆಸಿ ನೋಡಿ. 100 ಗ್ರಾಂ ನೀರಿನಲ್ಲಿ 80 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿ 60 ಡಿಗ್ರಿಗೆ ಬಿಸಿಮಾಡಿದ್ದೀರಿ ಎನ್ನಿ. ಅಡ್ಡ ಅಕ್ಷದಲ್ಲಿ 60, ಲಂಬ ಅಕ್ಷದಲ್ಲಿ 80 ಇರುವ ಕಡೆ ಚುಕ್ಕೆ ಇಡಿ. ಅದು ಗೆರೆಯ ಕೆಳಗಿದೆ. ಅಂದರೆ ದ್ರಾವಣ ಅಸಂತೃಪ್ತ, ಇನ್ನೂ 30 ಗ್ರಾಂ ಹಾಕಿದರೂ ಕರಗೀತು. ಈಗ ಒಲೆ ಆರಿಸಿ ತಣಿಯಲು ಬಿಡಿ. ಕರಗಿರುವುದು 80 ಗ್ರಾಂ ಆಗಿಯೇ ಉಳಿಯುವುದರಿಂದ ಚುಕ್ಕೆ ಮೇಲೂ ಹೋಗದೆ ಕೆಳಗೂ ಹೋಗದೆ ಎಡಕ್ಕೆ ಅಡ್ಡವಾಗಿ ಸರಿಯುತ್ತದೆ. ಸುಮಾರು 47 ಅಥವಾ 48 ಡಿಗ್ರಿಯಲ್ಲಿ ಅದು ಗೆರೆಯನ್ನು ಮುಟ್ಟುತ್ತದೆ. ಅಲ್ಲಿಯವರೆಗೆ ಬೀಕರಿನಲ್ಲಿ ಏನೂ ಆಗುವುದಿಲ್ಲ. ಅಲ್ಲಿಂದ ಮುಂದೆ ಮೊದಲ ಸೂಜಿಹರಳುಗಳು ಕಾಣಿಸಿಕೊಂಡು, ತಣಿಯುತ್ತ ಹೋದಂತೆ ಚುಕ್ಕೆ ಗೆರೆಯನ್ನೇ ಹಿಡಿದು ಕೆಳಕ್ಕೆ ಇಳಿಯುತ್ತದೆ. 20 ಡಿಗ್ರಿಗೆ ಬಂದು ನಿಂತಾಗ ದ್ರಾವಣದಲ್ಲಿ ಉಳಿದದ್ದು 31.6 ಗ್ರಾಂ, ತಳದಲ್ಲಿ ಕೂತದ್ದು 48.4 ಗ್ರಾಂ. ತಣಿಸುವ ಬದಲು 60 ಡಿಗ್ರಿಯಲ್ಲೇ ಇಟ್ಟು ನೀರನ್ನು ಆವಿಯಾಗಿಸಿದ್ದರೆ ಚುಕ್ಕೆ ನೇರವಾಗಿ ಮೇಲಕ್ಕೆ ಏರುತ್ತಿತ್ತು, ಏಕೆಂದರೆ ನೀರು ಕಡಿಮೆಯಾದಂತೆ ‘100 ಗ್ರಾಂ ನೀರಿಗೆ ಎಷ್ಟು’ ಎಂಬ ಅಂಕಿ ಬೆಳೆಯುತ್ತದೆ. ನೀರು ಬೆರೆಸಿದರೆ ಕೆಳಕ್ಕೆ.

ಚುಕ್ಕೆ ಗೆರೆ ಮುಟ್ಟಿದೊಡನೆ ಹರಳು ಕಟ್ಟಲೇಬೇಕು ಎಂಬ ನಿಯಮವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನುಣುಪಾದ ಪಾತ್ರೆಯಲ್ಲಿ, ಧೂಳಿಲ್ಲದೆ, ಅಲುಗಾಡಿಸದೆ ತಣಿಸಿದರೆ ಚುಕ್ಕೆ ಗೆರೆಯನ್ನು ದಾಟಿ ಮೇಲಿನ ಬಯಲಿಗೆ ನುಸುಳುತ್ತದೆ. ಅದೇ ಅತಿಸಂತೃಪ್ತ ದ್ರಾವಣ. ಒತ್ತಿದೊಡನೆ ಬಿಸಿಯಾಗುವ ಕೈಚೀಲಗಳಲ್ಲಿ ಇರುವುದು ಸೋಡಿಯಂ ಅಸಿಟೇಟ್‌ನ ಇಂಥದ್ದೇ ದ್ರಾವಣ. ಒಂದು ಚೂರು ಹರಳನ್ನು ಬೀಜವಾಗಿ ಹಾಕಿದರೆ ಚುಕ್ಕೆ ಗೆರೆಗೆ ದುಮುಕುತ್ತದೆ. ಆದ್ದರಿಂದ ಗೆರೆಯ ಮೇಲಿನ ಭಾಗವನ್ನು ‘ಅಸಾಧ್ಯ’ ಎಂದು ಓದದೆ ‘ಅಸ್ಥಿರ’ ಎಂದು ಓದಬೇಕು. ಗೆರೆ ಹೇಳುವುದು ಸಮತೋಲನ ಎಲ್ಲಿದೆ ಎಂಬುದನ್ನು. ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಬಿಸಿನೀರಿನಲ್ಲಿ ಅಡುಗೆ ಉಪ್ಪು ಬೇಗ ಕರಗುವುದನ್ನು ಕಂಡವರು ‘ಹೆಚ್ಚು’ ಕರಗುತ್ತದೆ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ 20 ಡಿಗ್ರಿಯಲ್ಲಿ 36 ಗ್ರಾಂ ಇದ್ದದ್ದು 100 ಡಿಗ್ರಿಯಲ್ಲಿ ಸುಮಾರು 39 ಗ್ರಾಂ ಆಗುತ್ತದೆ, ಅಷ್ಟೇ. ವೇಗ ಬೇರೆ, ಮಿತಿ ಬೇರೆ.

ಎರಡು ಗೆರೆಗಳು ಒಂದನ್ನೊಂದು ಅಡ್ಡಹಾಯುವ ಜಾಗದಲ್ಲಿ ಏನೋ ವಿಶೇಷ ನಡೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಪೊಟ್ಯಾಸಿಯಂ ನೈಟ್ರೇಟ್ ಮತ್ತು ಅಡುಗೆ ಉಪ್ಪಿನ ಗೆರೆಗಳು 23 ಡಿಗ್ರಿಯ ಆಸುಪಾಸಿನಲ್ಲಿ ಕೂಡುತ್ತವೆ. ಆ ಉಷ್ಣತೆಯಲ್ಲಿ ಎರಡು ಬೇರೆಬೇರೆ ಪಾತ್ರೆಗಳಲ್ಲಿ ಒಂದೊಂದನ್ನೇ ಕರಗಿಸಿದರೆ ಎರಡೂ ಸುಮಾರು 36 ಗ್ರಾಂ ಕರಗುತ್ತವೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ಮೋಲ್‌ಗಳಲ್ಲಿ ಎಣಿಸಿದರೆ ಆ ಸಮಾನತೆಯೂ ಉಳಿಯುವುದಿಲ್ಲ: ಒಂದರದು 0.36 ಮೋಲ್, ಇನ್ನೊಂದರದು 0.62. ಲಂಬ ಅಕ್ಷದ ಮಾನವನ್ನು ಬದಲಿಸಿದರೆ ಸ್ಥಾನ ಬದಲಿಸುವ ಬಿಂದುವಿನಲ್ಲಿ ಪ್ರಕೃತಿಯ ಗುಟ್ಟು ಇರಲಾರದು.

ಹಾಗೆಂದು ಗೆರೆಗಳನ್ನು ಪರಸ್ಪರ ಹೋಲಿಸುವುದು ವ್ಯರ್ಥವೆಂದಲ್ಲ, ನಿಜವಾದ ಉಪಯೋಗ ಅಲ್ಲಿಯೇ ಇದೆ. ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್‌ಗಳನ್ನು ಬಿಸಿನೀರಿನಲ್ಲಿ ಒಟ್ಟಿಗೆ ಕರಗಿಸಿದರೆ ದ್ರಾವಣದಲ್ಲಿ ನಾಲ್ಕು ಬಗೆಯ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಇರುತ್ತವೆ, ಹಾಗಾಗಿ ನಾಲ್ಕು ಲವಣಗಳಲ್ಲಿ ಯಾವುದಾದರೂ ಹರಳಾಗಬಹುದು. 100 ಡಿಗ್ರಿಯ ನೆಟ್ಟಗೆರೆಯ ಮೇಲೆ ಆ ನಾಲ್ಕನ್ನೂ ಓದಿ: ಸೋಡಿಯಂ ನೈಟ್ರೇಟ್ 180, ಪೊಟ್ಯಾಸಿಯಂ ಕ್ಲೋರೈಡ್ 56, ಪೊಟ್ಯಾಸಿಯಂ ನೈಟ್ರೇಟ್ 246, ಸೋಡಿಯಂ ಕ್ಲೋರೈಡ್ 39. ಎಲ್ಲಕ್ಕಿಂತ ಕೆಳಗಿರುವುದು ಅಡುಗೆ ಉಪ್ಪು. ಆದ್ದರಿಂದ ಕುದಿಸಿ ನೀರು ಇಂಗಿಸಿದಂತೆ ಮೊದಲು ಹೊರಬೀಳುವುದು ಅದು. ಬಿಸಿಯಿರುವಾಗಲೇ ಸೋಸಿ ಉಪ್ಪನ್ನು ತೆಗೆದು ಉಳಿದ ದ್ರಾವಣವನ್ನು ತಣಿಸಿದರೆ ಈಗ ನೋಡಬೇಕಾದ್ದು ಸೊನ್ನೆ ಡಿಗ್ರಿಯ ಕಡೆಗೆ: ಅದೇ ಕ್ರಮದಲ್ಲಿ 73, 28, 13, 36. ಈಗ ಎಲ್ಲಕ್ಕಿಂತ ಕೆಳಗೆ ಇಳಿದಿರುವುದು ಪೊಟ್ಯಾಸಿಯಂ ನೈಟ್ರೇಟ್, ಹರಳಾಗುವುದೂ ಅದೇ. ಕೊಟ್ಟ ಎರಡು ಲವಣಗಳಿಂದ ಬೇರೆಯೇ ಎರಡು ಲವಣಗಳು ಕೈಗೆ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಪೆಟ್ಲುಪ್ಪನ್ನು ಕಾರ್ಖಾನೆಗಳಲ್ಲಿ ಈ ದಾರಿಯಲ್ಲಿಯೇ ತಯಾರಿಸುತ್ತಿದ್ದರು. ಒಂದು ಗೆರೆ ಮಲಗಿರುವುದು, ಇನ್ನೊಂದು ಎದ್ದು ನಿಂತಿರುವುದು, ಇವೆರಡೇ ಆ ತಯಾರಿಕೆಯ ಬಂಡವಾಳ. ಆದರೆ ಒಂದು ಎಚ್ಚರ: ಈ ಅಂಕಿಗಳೆಲ್ಲ ಒಂದೊಂದೇ ಲವಣವನ್ನು ಶುದ್ಧ ನೀರಿನಲ್ಲಿ ಕರಗಿಸಿ ಅಳೆದವು. ಹಲವು ಲವಣಗಳು ಕೂಡಿದಾಗ, ವಿಶೇಷವಾಗಿ ಒಂದೇ ಅಯಾನು ಎರಡರಲ್ಲಿಯೂ ಇದ್ದಾಗ, ಪ್ರತಿಯೊಂದರ ಮಿತಿಯೂ ಬದಲಾಗುತ್ತದೆ. ಯಾವುದು ಮೊದಲು ಬೀಳುತ್ತದೆ ಎಂಬುದನ್ನು ಊಹಿಸಲು ನಕ್ಷೆ ಸಾಕು, ಎಷ್ಟು ಬೀಳುತ್ತದೆ ಎಂಬುದಕ್ಕೆ ಸಾಲದು.

ಎರಡನೆಯ ತೊಡಕು, ಸೋಡಿಯಂ ಸಲ್ಫೇಟ್. ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಗೆರೆ ಇದು. ಸೊನ್ನೆ ಡಿಗ್ರಿಯಲ್ಲಿ 4.9 ಗ್ರಾಂ, 10ರಲ್ಲಿ 9.1, 20ರಲ್ಲಿ 19.5, 30ರಲ್ಲಿ 40.8, ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿ. 32.4 ಡಿಗ್ರಿಯಲ್ಲಿ ಗೆರೆ ಮುರಿಯುತ್ತದೆ, ಆಮೇಲೆ 40ರಲ್ಲಿ 48.8, 60ರಲ್ಲಿ 45.3, 100ರಲ್ಲಿ 42.5 ಎಂದು ಮೆಲ್ಲಗೆ ಇಳಿಯುತ್ತದೆ. ಫ್ರಾನ್ಸಿನ ಗೇ-ಲುಸಾಕ್ 1819ರಲ್ಲಿ ಲವಣಗಳ ವಿಲೇಯತೆಯನ್ನು ಗೆರೆಗಳಾಗಿ ಪ್ರಕಟಿಸಿದಾಗಲೇ ಈ ವಿಚಿತ್ರ ಕಂಡುಬಂದಿತ್ತು. ಇದನ್ನು ‘ಸೋಡಿಯಂ ಸಲ್ಫೇಟ್ ಮನಸ್ಸು ಬದಲಿಸಿತು’ ಎಂದು ಓದಬಾರದು. ನಕ್ಷೆಯಲ್ಲಿರುವುದು ಒಂದು ಗೆರೆಯಲ್ಲ, ಒಂದೇ ಹೆಸರಿನಲ್ಲಿ ಅಂಟಿಸಿದ ಎರಡು ಗೆರೆಗಳು. 32.4 ಡಿಗ್ರಿಯ ಕೆಳಗೆ ದ್ರಾವಣದ ತಳದಲ್ಲಿ ಕೂತಿರುವ ಘನ ಗ್ಲೌಬರ್ ಲವಣ, ಅಂದರೆ ಪ್ರತಿ ಸೋಡಿಯಂ ಸಲ್ಫೇಟ್ ಘಟಕಕ್ಕೆ ಹತ್ತು ನೀರಿನ ಅಣುಗಳನ್ನು ತನ್ನೊಳಗೆ ಕಟ್ಟಿಕೊಂಡಿರುವ ಹರಳು. ಅದರ ಮೇಲಕ್ಕೆ ಹೋದರೆ ಆ ಹರಳು ನಿಲ್ಲುವುದಿಲ್ಲ. ತಳದಲ್ಲಿರುವುದು ಸ್ಫಟಿಕಜಲವಿಲ್ಲದ ಪುಡಿ. ಎಡಬದಿಯ ಗೆರೆ ಮೊದಲನೆಯದರ ವಿಲೇಯತೆ, ಬಲಬದಿಯದು ಎರಡನೆಯದರ ವಿಲೇಯತೆ, ಮುರಿದ ಬಿಂದುವಿನಲ್ಲಿ ಎರಡೂ ಘನಗಳು ಒಂದೇ ದ್ರಾವಣದೊಂದಿಗೆ ಸಮತೋಲನದಲ್ಲಿರುತ್ತವೆ. ಈ ಬಿಂದು ಎಷ್ಟು ಅಚಲವೆಂದರೆ ಒಂದು ಕಾಲದಲ್ಲಿ ತಾಪಮಾಪಕಗಳನ್ನು ತಾಳೆ ನೋಡಲು ಇದನ್ನೇ ಬಳಸುತ್ತಿದ್ದರು. ಕೆಲವು ನಕ್ಷೆಗಳಲ್ಲಿ ಬಲಗಡೆಯ ಗೆರೆಯನ್ನು ಚುಕ್ಕಿಚುಕ್ಕಿಯಾಗಿ ಎಡಕ್ಕೂ ಮುಂದುವರಿಸಿರುತ್ತಾರೆ. ಅದು ಗಟ್ಟಿ ಗೆರೆಯ ಮೇಲ್ಗಡೆ ಇರುವುದನ್ನು ಗಮನಿಸಿ: ಯಾವುದೇ ಉಷ್ಣತೆಯಲ್ಲಿ ಕಡಿಮೆ ಸ್ಥಿರವಾದ ಘನವೇ ಹೆಚ್ಚು ಕರಗುತ್ತದೆ. ನುಣುಪಾದ ಬಾಗು ಘನ ಬದಲಾಗಿಲ್ಲ ಎಂಬುದಕ್ಕೆ ಸಾಕ್ಷಿಯಾಗಬಹುದು, ಆದರೆ ಮೂಲೆ ಕಂಡಲ್ಲಿ ಘನ ಬದಲಾಗಿದೆ ಎಂದು ನಿಶ್ಚಿತವಾಗಿ ಹೇಳಬಹುದು.

ಇದರ ಪರಿಣಾಮ ಲೆಕ್ಕದ ಮೇಲೂ ಆಗುತ್ತದೆ, ನೀರು ಇದ್ದಷ್ಟೇ ಇರುತ್ತದೆ ಎಂಬ ಮಾತಿಗೆ ಅಪವಾದವೆಂದು ಆಗ ಹೇಳಿದ್ದು ಇದನ್ನೇ. 100 ಗ್ರಾಂ ನೀರಿನಲ್ಲಿ 40 ಗ್ರಾಂ ಸೋಡಿಯಂ ಸಲ್ಫೇಟ್ ಕರಗಿಸಿ 30 ಡಿಗ್ರಿಯಿಂದ 10 ಡಿಗ್ರಿಗೆ ತಣಿಸಿದರೆ, 40ರಿಂದ 9.1 ಕಳೆದು 31 ಗ್ರಾಂ ಹರಳು ಬರುತ್ತದೆ ಎಂದು ಯಾರಾದರೂ ಹೇಳಿಯಾರು. ಪ್ರಯೋಗಾಲಯದಲ್ಲಿ ತೂಗಿದರೆ ಬರುವುದು ಸುಮಾರು 79 ಗ್ರಾಂ! ಹರಳಾಗುವುದು ಗ್ಲೌಬರ್ ಲವಣ. ಅದರ ತೂಕದಲ್ಲಿ ಶೇಕಡಾ 44 ಮಾತ್ರ ಸೋಡಿಯಂ ಸಲ್ಫೇಟ್, ಉಳಿದ ಶೇಕಡಾ 56 ನೀರು. ಆ ನೀರು ಬಂದದ್ದು ದ್ರಾವಣದಿಂದಲೇ. ಹರಳಾಗುತ್ತ ಹೋದಂತೆ ಕರಗಿಸುವ ನೀರೇ ಕಡಿಮೆಯಾಗಿ ಇನ್ನಷ್ಟು ಹರಳು ಕಟ್ಟುತ್ತದೆ. ಕೊನೆಗೆ 79 ಗ್ರಾಂ ಹರಳಿನಲ್ಲಿ 35 ಗ್ರಾಂ ಲವಣವೂ 44 ಗ್ರಾಂ ನೀರೂ ಸೇರಿರುತ್ತವೆ, ದ್ರಾವಣದಲ್ಲಿ ಉಳಿಯುವುದು 56 ಗ್ರಾಂ ನೀರು ಮತ್ತು 5 ಗ್ರಾಂ ಲವಣ. 56 ಗ್ರಾಂಗೆ 5 ಗ್ರಾಂ ಎಂದರೆ 100 ಗ್ರಾಂಗೆ ಸುಮಾರು 9. ಚುಕ್ಕೆ ಗೆರೆಯ ಮೇಲೆಯೇ ಇದೆ. ನಕ್ಷೆ ಸುಳ್ಳು ಹೇಳಲಿಲ್ಲ, 100 ಗ್ರಾಂ ನೀರು 100 ಗ್ರಾಂ ಆಗಿ ಉಳಿಯಲಿಲ್ಲ ಅಷ್ಟೆ.

ಮೂರನೆಯ ತೊಡಕಿಗೆ ಬೀಗದ ಕೈ ಇಲ್ಲಿಯೇ ಸಿಕ್ಕಿದೆ. ನೀವು ಓದಿದ ನಿಯಮ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲ ಶಾಟೆಲಿಯೇ 1884ರಲ್ಲಿ ಹೇಳಿದ ತತ್ತ್ವದಿಂದ ಬಂದದ್ದು: ಸಮತೋಲನದಲ್ಲಿರುವ ವ್ಯವಸ್ಥೆಯನ್ನು ಬಿಸಿಮಾಡಿದರೆ ಅದು ಶಾಖ ಹೀರುವ ದಿಕ್ಕಿಗೆ ಸರಿಯುತ್ತದೆ. ಕರಗುವಿಕೆ ಶಾಖ ಹೀರುವಂಥದ್ದಾದರೆ ಬಿಸಿಗೆ ವಿಲೇಯತೆ ಏರುತ್ತದೆ, ಶಾಖ ಬಿಡುವಂಥದ್ದಾದರೆ ಇಳಿಯುತ್ತದೆ. ಸೋಡಿಯಂ ಸಲ್ಫೇಟ್ ಇದಕ್ಕೆ ಸೊಗಸಾದ ಸಾಕ್ಷಿ. ಗ್ಲೌಬರ್ ಲವಣ ಕರಗುವಾಗ ಒಂದು ಮೋಲ್‌ಗೆ ಸುಮಾರು 78 ಕಿಲೋಜೂಲ್ ಶಾಖ ಹೀರುತ್ತದೆ, ಅದರ ಗೆರೆ ಗೋಡೆಯಂತೆ ನಿಲ್ಲುತ್ತದೆ. ಸ್ಫಟಿಕಜಲವಿಲ್ಲದ ಪುಡಿ ಕರಗುವಾಗ ಎರಡು ಕಿಲೋಜೂಲ್‌ಗಿಂತ ತುಸು ಹೆಚ್ಚು ಶಾಖ ಬಿಡುತ್ತದೆ, ಅದರ ಗೆರೆ ಮೆಲ್ಲಗೆ ಇಳಿಯುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಹೀರುವುದು 35 ಕಿಲೋಜೂಲ್, ಅಡುಗೆ ಉಪ್ಪು ಬರೀ 4. ಗೆರೆಗಳ ಏರಿಳಿತ ಈ ಅಂಕಿಗಳನ್ನು ಹಿಂಬಾಲಿಸುವುದನ್ನು ನೀವೇ ಕಾಣಬಹುದು.

ಹಾಗಾದರೆ ಮೋಲ್‌ಗೆ 44 ಕಿಲೋಜೂಲ್ ಬಿಡುವ ಸೋಡಿಯಂ ಹೈಡ್ರಾಕ್ಸೈಡ್‌ನ ಗೆರೆ 20 ಡಿಗ್ರಿಯಲ್ಲಿ 109 ಗ್ರಾಂ ಇದ್ದದ್ದು 100 ಡಿಗ್ರಿಯಲ್ಲಿ 300 ಗ್ರಾಂ ದಾಟುವುದು ಹೇಗೆ? ಎಡವಟ್ಟು ಇರುವುದು 44 ಎಂಬ ಅಂಕಿಯನ್ನು ಅಳೆದ ಸಂದರ್ಭದಲ್ಲಿ. ಅದು ನೀರಿನ ಅಂಶವಿಲ್ಲದ ಒಣ ಗುಳಿಗೆಯನ್ನು ಧಾರಾಳ ನೀರಿಗೆ ಹಾಕಿದಾಗ ಹೊಮ್ಮುವ ಶಾಖ. ನಕ್ಷೆಯ ಗೆರೆಯ ಮೇಲಿನ ಪರಿಸ್ಥಿತಿ ಎರಡು ರೀತಿಯಲ್ಲಿ ಬೇರೆ. ಅಲ್ಲಿ ದ್ರಾವಣ ಆಗಲೇ ಸಂತೃಪ್ತವಾಗಿದೆ, ಹೊಸದಾಗಿ ಬರುವ ಅಯಾನುಗಳನ್ನು ಸುತ್ತುವರಿಯಲು ಬಿಡುವಾಗಿರುವ ನೀರಿನ ಅಣುಗಳು ಕಡಿಮೆ, ಹಾಗಾಗಿ ಹೊಮ್ಮುವ ಶಾಖವೂ ಅಷ್ಟಿಲ್ಲ. ಮತ್ತೆ, ಸಾಧಾರಣ ಉಷ್ಣತೆಯಲ್ಲಿ ಆ ದ್ರಾವಣದ ತಳದಲ್ಲಿ ನಿಲ್ಲುವ ಘನ ಒಣ ಗುಳಿಗೆಯಲ್ಲ, ಒಂದು ನೀರಿನ ಅಣುವನ್ನು ಸೇರಿಸಿಕೊಂಡ ಹರಳು. ಲ ಶಾಟೆಲಿಯೇಯ ತತ್ತ್ವ ಅನ್ವಯವಾಗುವುದು ಸಮತೋಲನದಲ್ಲಿರುವ ವ್ಯವಸ್ಥೆಗೆ. ಒಣ ಗುಳಿಗೆ ಮತ್ತು ತುಂಬು ಲೋಟ ನೀರು ಸಮತೋಲನದಿಂದ ಬಹುದೂರ ಇವೆ. ಸಂತೃಪ್ತ ದ್ರಾವಣದಲ್ಲಿ ಆ ಹರಳಿನ ಕೊನೆಯ ಚಿಟಿಕೆ ಕರಗುವಾಗ ಶಾಖ ಹೀರಲ್ಪಡುತ್ತದೆ, ಗೆರೆ ಏರುವುದು ಅದಕ್ಕೇ. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಇದನ್ನು ಕೈಯಾರೆ ಮುಟ್ಟಿ ನೋಡಬಹುದು. ಒಣ ಕ್ಯಾಲ್ಸಿಯಂ ಕ್ಲೋರೈಡನ್ನು ನೀರಿಗೆ ಹಾಕಿದರೆ ಬೀಕರ್ ಬಿಸಿಯಾಗುತ್ತದೆ. ಆರು ನೀರಿನ ಅಣುಗಳಿರುವ ಅದರ ಹರಳನ್ನು ಹಾಕಿದರೆ ಅದೇ ಬೀಕರ್ ತಣ್ಣಗಾಗುತ್ತದೆ. ಸುಮಾರು 30 ಡಿಗ್ರಿಯ ಕೆಳಗೆ ಸಂತೃಪ್ತ ದ್ರಾವಣದ ಜೊತೆಗಿರುವುದು ಈ ಎರಡನೆಯದು, ಅದರ ಗೆರೆಯೂ ಏರುಮುಖವೇ. ಆದ್ದರಿಂದ ‘ಕರಗುವಾಗ ಬಿಸಿಯಾಯಿತು, ಗೆರೆ ಇಳಿಯಬೇಕು’ ಎಂಬ ನಿಯಮವನ್ನು ಪಠ್ಯಪುಸ್ತಕಗಳು ಈ ಷರತ್ತನ್ನು ಬಿಟ್ಟು ಕೊಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಅಪವಾದಗಳೆಂದು ಪಟ್ಟಿಮಾಡುವ ಬಹುತೇಕ ವಸ್ತುಗಳು ಅಪವಾದಗಳೇ ಅಲ್ಲ.

ನಿಜವಾಗಿ ಇಳಿಯುವ ಗೆರೆಗಳೂ ಇವೆ. ಲಿಥಿಯಂ ಕಾರ್ಬೊನೇಟ್ ಸೊನ್ನೆ ಡಿಗ್ರಿಯಲ್ಲಿ 1.5 ಗ್ರಾಂ, 100 ಡಿಗ್ರಿಯಲ್ಲಿ 0.7 ಗ್ರಾಂ, ಅದನ್ನು ತಯಾರಿಸುವವರು ಬಿಸಿಯಲ್ಲಿಯೇ ಸೋಸಿ ಬಿಸಿನೀರಿನಲ್ಲಿಯೇ ತೊಳೆಯುತ್ತಾರೆ, ತಣ್ಣೀರಿನಲ್ಲಿ ತೊಳೆದರೆ ಸರಕು ಕರಗಿಹೋಗುತ್ತದೆ. ಸುಣ್ಣದ ತಿಳಿನೀರು ಇನ್ನೂ ಸುಲಭದ ಪ್ರಯೋಗ. 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 0.17 ಗ್ರಾಂ ಕರಗಿರುವ ಸುಣ್ಣ ಕುದಿಯುವ ನೀರಿನಲ್ಲಿ 0.07 ಗ್ರಾಂಗೆ ಇಳಿಯುತ್ತದೆ. ಸ್ವಚ್ಛವಾಗಿ ಸೋಸಿದ ತಿಳಿನೀರನ್ನು ಪ್ರನಾಳದಲ್ಲಿ ತೆಗೆದುಕೊಂಡು ಕಾಯಿಸಿದರೆ ಅದು ಮಸುಕಾಗುವುದು ಕಣ್ಣಿಗೆ ಕಾಣುತ್ತದೆ. ಆದರೆ ಪೊಟ್ಯಾಸಿಯಂ ನೈಟ್ರೇಟ್‌ಗಾಗಿ 250ರವರೆಗೆ ಗುರುತು ಹಾಕಿದ ಅಕ್ಷದಲ್ಲಿ ಸುಣ್ಣದ ಗೆರೆಯನ್ನು ಎಳೆದರೆ ಅದು ತಳಕ್ಕೆ ಅಂಟಿಕೊಂಡು ಸಪಾಟಾಗಿಯೇ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚಿನ ಇಳಿತ ಕಣ್ಣಿಗೆ ಬೀಳುವುದೇ ಇಲ್ಲ. ಗೆರೆ ಸಪಾಟಾಗಿದೆ ಎಂದು ತೀರ್ಮಾನಿಸುವ ಮುನ್ನ ಅಕ್ಷದ ಅಳತೆಯನ್ನು ನೋಡುವುದು ಈ ಕಾರಣಕ್ಕೆ.

ಕೊನೆಯದಾಗಿ ಆಮ್ಲಜನಕ. ಅನಿಲ ಕರಗುವಾಗ ಒಡೆಯಬೇಕಾದ ಹರಳಿನ ಕಟ್ಟು ಇರುವುದಿಲ್ಲ, ಹೊರಗೆ ಅಡ್ಡಾಡುತ್ತಿದ್ದ ಅಣು ನೀರಿನೊಳಗೆ ಸೆರೆಯಾಗಿ ಶಾಖ ಬಿಡುತ್ತದೆ; ಹಾಗಾಗಿ ಸಾಧಾರಣ ಉಷ್ಣತೆಗಳಲ್ಲಿ ಅನಿಲಗಳ ಗೆರೆ ಇಳಿಮುಖ. ಆದರೆ ಅನಿಲದ ವಿಲೇಯತೆ ಅದರ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿಯೇ ತೋರಿಸಿದ್ದರಿಂದ, ಒತ್ತಡ ಹೇಳದ ಅನಿಲದ ನಕ್ಷೆಗೆ ಅರ್ಥವಿಲ್ಲ. ನೀವು ಕಂಡ ಎರಡು ನಕ್ಷೆಗಳೂ ಸರಿಯೇ; ಎರಡರಲ್ಲಿ ಸ್ಥಿರವಾಗಿ ಇಟ್ಟ ಒತ್ತಡ ಬೇರೆ. ಸೊನ್ನೆ ಮುಟ್ಟದ ನಕ್ಷೆಯಲ್ಲಿ ಆಮ್ಲಜನಕದ ಸ್ವಂತ ಒತ್ತಡವನ್ನೇ ಒಂದು ವಾಯುಭಾರದಲ್ಲಿ (ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು) ಹಿಡಿದಿಡಲಾಗಿದೆ: ಆಗ 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 44 ಮಿಲಿಗ್ರಾಂ, 80ರಲ್ಲಿ 25, 100ರಲ್ಲಿ 24. ಕೊನೆಯ ಇಪ್ಪತ್ತು ಡಿಗ್ರಿಯಲ್ಲಿ ಗೆರೆ ಹೆಚ್ಚುಕಡಿಮೆ ಮಲಗಿಬಿಡುತ್ತದೆ, ಒತ್ತಡದ ಪಾತ್ರೆಯಲ್ಲಿ ಇನ್ನೂ ಬಿಸಿಮಾಡುತ್ತ ಹೋದರೆ ಮತ್ತೆ ಏರಲೂ ತೊಡಗುತ್ತದೆ. ಸೊನ್ನೆ ಮುಟ್ಟುವ ನಕ್ಷೆಯಲ್ಲಿ ಒಂದು ವಾಯುಭಾರ ಎಂಬುದು ನೀರಿನ ಮೇಲಿರುವ ಗಾಳಿ ಮತ್ತು ನೀರಾವಿ ಎರಡೂ ಸೇರಿದ ಒಟ್ಟು ಒತ್ತಡ: ತೆರೆದ ಪಾತ್ರೆಯ ಸ್ಥಿತಿ ಇದು. ಸೊನ್ನೆ ಡಿಗ್ರಿಯಲ್ಲಿ ಲೀಟರಿಗೆ 14.6 ಮಿಲಿಗ್ರಾಂ, 20ರಲ್ಲಿ 9.1, 30ರಲ್ಲಿ 7.6. ನೀರು ಬಿಸಿಯಾದಂತೆ ನೀರಾವಿಯ ಪಾಲು ಬೆಳೆದು 80 ಡಿಗ್ರಿಯಲ್ಲಿ ಅದು ಸುಮಾರು ಅರ್ಧ ವಾಯುಭಾರವನ್ನು ಆಕ್ರಮಿಸುತ್ತದೆ, ಗಾಳಿಗೆ ಉಳಿಯುವುದು ಇನ್ನರ್ಧ. ಕುದಿಯುವಾಗ ಪೂರ್ತಿ ಒತ್ತಡ ನೀರಾವಿಯದೇ ಆಗಿ ಆಮ್ಲಜನಕದ ಪಾಲು ಸೊನ್ನೆಗೆ ಇಳಿಯುತ್ತದೆ, ಗೆರೆಯೂ ಅದರ ಜೊತೆ ಸೊನ್ನೆಗೆ ಬರುತ್ತದೆ. ಅಂದರೆ ಆ ಗೆರೆಯ ಕೊನೆಯ ಕಡಿದಾದ ಇಳಿತ ಕರಗುವ ಗುಣದ್ದಲ್ಲ, ನೀರಾವಿಯ ಒತ್ತಡದ್ದು. ಆಮ್ಲಜನಕವಿಲ್ಲದ ನೀರು ಬೇಕಾದಾಗ ಪ್ರಯೋಗಾಲಯದಲ್ಲಿ ಆಸವಿತ ನೀರನ್ನು ಕುದಿಸಿ, ಕುದಿಯುತ್ತಿರುವಾಗಲೇ ಗಾಳಿಯಾಡದಂತೆ ಮುಚ್ಚಿ ತಣಿಸುವುದು ಈ ಗೆರೆಯನ್ನು ನಂಬಿಯೇ. ಮುಚ್ಚಲು ಮರೆತು ತೆರೆದಿಟ್ಟರೆ ಗಾಳಿಯ ಆಮ್ಲಜನಕ ಮರಳಿ ಕರಗುತ್ತ ಬಂದು, 20 ಡಿಗ್ರಿಗೆ ತಣಿದ ನೀರು ಕ್ರಮೇಣ ಅದೇ 9 ಮಿಲಿಗ್ರಾಂಗೆ ಬಂದು ನಿಲ್ಲುತ್ತದೆ.